ನಾನು ಓದದೆ ಬಿಟ್ಟ ಪುಟಗಳು

ಮಾರ್ಚ್ ತಿಂಗಳ ಮೊದಲಲ್ಲಿ ತರಬೇತಿಯೊಂದಕ್ಕೆಂದು ಮಧುಗಿರಿಯಲ್ಲಿ ಪಾವಗಡದ ಬಸ್ಸು ಹತ್ತಿದ್ದೆ. ನಾನು ಕೊರಟಗೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪರೀಕ್ಷೆ ಹತ್ತಿರವಿದ್ದುದರಿಂದ ದಾರಿಯುದ್ದಕ್ಕೂ ಮಕ್ಕಳಿಗೆ ಕಳಿಸಬೇಕಾದ ನೋಟ್ಸನ್ನು ಮೊಬೈಲಿನಲ್ಲಿ ತಿದ್ದುತ್ತಾ ಕೂತಿದ್ದೆ. ಮಿಡಿಗೇಶಿಯಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಬೈಯುತ್ತಿದ್ದರೂ ಕೇಳದೆ ಇಬ್ಬರು ಹೆಂಗಸರು ಎರಡು ಮೂಟೆ ಹುಣಸೆಹಣ್ಣನ್ನು ಒಳಗೆ ದಬ್ಬಿದರು. ಒಂದು ಮೂಟೆ ನನ್ನ ಮೊಣಕಾಲಿಗೇ ಒರಗಿ ಕೂತಿತು. ಬೀಜ ಬಿಡಿಸಿದ ಹೊಸ ಹಣ್ಣು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆರಳು ಮೊಬೈಲಿನ ಮೇಲೆ ನಿಂತುಹೋಯಿತು.

ಮಿಡಿಗೇಶಿ ನನ್ನ ಹುಟ್ಟೂರು. ಅಪ್ಪನಿಗೆ ಶಿರಾದಲ್ಲಿ ಕೆಲಸವಾಗಿ ನಾವು ಊರು ಬಿಟ್ಟು ಹನ್ನೆರಡು ವರ್ಷ. ಅಷ್ಟೂ ವರ್ಷ ಈ ದಾರಿಯಲ್ಲಿ ಓಡಾಡುವಾಗ ಕಿಟಕಿಯಿಂದ ಕೋಟೆಬೆಟ್ಟ ನೋಡಿದ್ದೇನೆಯೇ ಹೊರತು ಒಮ್ಮೆಯೂ ಇಳಿದಿರಲಿಲ್ಲ. ಅದಕ್ಕೆ ಕಾರಣ ನಾಗವೇಣಿ. ನಮ್ಮ ಪಕ್ಕದ ಮನೆಯ ವೇಣಕ್ಕ.

ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ವೇಣಕ್ಕ ಹತ್ತನೇ ತರಗತಿಗೆ ಸೇರಿದಳು. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ದೊಡ್ಡವಳು. ಚಿಕ್ಕಂದಿನಲ್ಲೇ ಅವಳಿಗೆ ಸಂಜೆಯಾದರೆ ದಾರಿ ಕಾಣುತ್ತಿರಲಿಲ್ಲ. ಎಂಟನೇ ತರಗತಿಯಲ್ಲಿ ಬೋರ್ಡು ಮಸುಕಾಯಿತು. ಒಂಬತ್ತು ಮುಗಿಸುವ ಹೊತ್ತಿಗೆ ಪುಸ್ತಕ ಕಣ್ಣಿಗೆ ಒತ್ತಿಕೊಂಡರೂ ಅಕ್ಷರ ಸಿಗದಾಯಿತು. ತುಮಕೂರಿನಲ್ಲಿ ತೋರಿಸಿದರು, ಬೆಂಗಳೂರಿಗೂ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಅವಳ ಅಪ್ಪ ರಂಗಪ್ಪ ಮಾವನನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ: ನಿಮ್ಮದು ಸಂಬಂಧದಲ್ಲೇ ಮದುವೆಯಾ? ಹೌದು, ವೇಣಕ್ಕನ ಅಮ್ಮ ಗಂಗತ್ತೆ ಅವರಿಗೆ ಸ್ವಂತ ಅಕ್ಕನ ಮಗಳು. ಇದಕ್ಕೆ ಔಷಧಿಯಿಲ್ಲವೆಂದು ಡಾಕ್ಟರು ಚೀಟಿ ಬರೆಯಲಿಲ್ಲ. ಅವತ್ತಿನಿಂದ ಮಾವ ಮಗಳ ಕಣ್ಣಿನ ಮಾತು ಬಂದರೆ ಎದ್ದು ಆಚೆ ಹೋಗುತ್ತಿದ್ದರು.

ಎರಡು ವರ್ಷ ವೇಣಕ್ಕ ಮನೆಯಲ್ಲೇ ಇದ್ದಳು. ಆಮೇಲೆ ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರು ರಾಯಪ್ಪನವರು ಒಂದು ಭಾನುವಾರ ಅವರ ಮನೆಗೆ ಬಂದು ಜಗಲಿಯ ಮೇಲೆ ಕೂತು ಹಟ ಹಿಡಿದರು. ತುಮಕೂರಿನಲ್ಲಿ ಕಣ್ಣಿಲ್ಲದ ಹೆಣ್ಣುಮಕ್ಕಳಿಗೆ ಒಂದು ಹಾಸ್ಟೆಲ್ ಇದೆ, ಎಸ್ಸೆಸ್ಸೆಲ್ಸಿ ಪಾಸಾದವರನ್ನು ಸೇರಿಸಿಕೊಂಡು ಪಿಯುಸಿ ಓದಿಸುತ್ತಾರೆ, ಚುಕ್ಕಿ ಮುಟ್ಟಿ ಓದುವ ಬ್ರೈಲ್ ಕಲಿಸುತ್ತಾರೆ, ಅಲ್ಲಿನ ವಾರ್ಡನ್ ಜೊತೆ ಆಗಲೇ ಮಾತಾಡಿದ್ದೇನೆ ಎಂದರು.

“ಓದೋದ್ಯಾರು ಸಾ, ಬರಿಯೋದ್ಯಾರು?” ರಂಗಪ್ಪ ಮಾವ ಕೇಳಿದರು.

“ಬರಿಯೋಕೆ ಕೆಳಗಿನ ಕ್ಲಾಸಿನ ಹುಡುಗಿ ಒಬ್ಳನ್ನ ಕೊಡ್ತಾರೆ ರಂಗಪ್ಪ. ಇವಳು ಬಾಯಲ್ಲಿ ಹೇಳ್ತಾಳೆ, ಅವಳು ಬರೀತಾಳೆ. ಕಣ್ಣಿಲ್ಲದೋರಿಗೆ ಗಣಿತದ ಬದಲು ಬೇರೆ ವಿಷಯಾನೂ ಕೊಡ್ತಾರೆ. ಓದಿ ಹೇಳೋಕೆ...” ಮೇಷ್ಟ್ರು ಸುತ್ತ ನೋಡಿದರು. ನಾನು ನಮ್ಮ ಮನೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. “ಏನಮ್ಮ ವನಜ, ದಿನಾ ಸಾಯಂಕಾಲ ಎರಡು ಗಂಟೆ ಓದಿ ಹೇಳ್ತೀಯಾ? ನೋಟ್ಸ್ ನಾನು ಕೊಡ್ತೀನಿ. ಮುಂದಿನ ವರ್ಷ ಅದೇ ನೋಟ್ಸ್ ನಿನಗೇ ಆಗುತ್ತೆ.”

ನಾನು ಹೂಂ ಅಂದೆ. ಯಾರೂ ಬಲವಂತ ಮಾಡಿರಲಿಲ್ಲ.

ರಾಯಪ್ಪ ಮೇಷ್ಟ್ರ ನೋಟ್ಸ್ ನಮ್ಮ ಕಡೆ ಹೆಸರು ಮಾಡಿತ್ತು. ಸಮಾಜದ್ದು ಅವರ ಸ್ವಂತ ಕೈಬರಹ. ಉಳಿದ ವಿಷಯದ್ದನ್ನು ಬೇರೆ ಮೇಷ್ಟ್ರುಗಳ ಬೆನ್ನು ಬಿದ್ದು ಬರೆಸಿ, ಮಧುಗಿರಿಗೆ ಹೋಗಿ ಜೆರಾಕ್ಸ್ ಮಾಡಿಸಿ, ದಾರದಲ್ಲಿ ಹೊಲಿದು ತಂದುಕೊಡುತ್ತಿದ್ದರು. ಕನ್ನಡ, ಇಂಗ್ಲಿಷು, ಹಿಂದಿ ಒಂದೊಂದು ತೆಳ್ಳನೆಯ ಕಟ್ಟು. ವಿಜ್ಞಾನದ್ದು ಸ್ವಲ್ಪ ದಪ್ಪ. ಸಮಾಜ ವಿಜ್ಞಾನದ್ದು ಮಾತ್ರ ಇಟ್ಟಿಗೆಯಷ್ಟು. ಚರಿತ್ರೆ, ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಎಲ್ಲ ಅದರೊಳಗೇ. ಪ್ರತಿ ಪ್ರಶ್ನೆಗೂ ಒಂದು, ಎರಡು, ಮೂರು ಎಂದು ಅಂಶ ಹಾಕಿ ಬರೆದಿದ್ದರು.

ಜುಲೈಯಿಂದ ಓದು ಶುರುವಾಯಿತು. ಸಂಜೆ ಐದಕ್ಕೆ ನಾನು ಹೋಗುವ ಹೊತ್ತಿಗೆ ವೇಣಕ್ಕ ಮುಖ ತೊಳೆದು, ನಡುಮನೆಯ ಕಂಬಕ್ಕೆ ಒರಗಿ ಕಾಯುತ್ತಿದ್ದಳು. ಗಂಗತ್ತೆ ಪಾವಗಡದ ಕಡೆಯವರು, ನನ್ನನ್ನು ತೆಲುಗಿನಲ್ಲಿ ಅಮ್ಮಾಯಿ, ಹುಡುಗಿ, ಅನ್ನುತ್ತಿದ್ದರು. “ಬಾ ಅಮ್ಮಾಯಿ, ಮೊದ್ಲು ಟೀ ಕುಡಿ, ಗಂಟ್ಲು ನೋಯ್ತದೆ,” ಎಂದು ಲೋಟ ಕೈಗೆ ಕೊಟ್ಟು ಹೋಗುತ್ತಿದ್ದರು. ನಾನು ಓದುವಾಗ ವೇಣಕ್ಕನ ಕೈ ಸುಮ್ಮನಿರುತ್ತಿರಲಿಲ್ಲ. ಮಳೆಗಾಲದಲ್ಲಿ ಅವರೆಕಾಳು ಆರಿಸುವುದು, ಸುಗ್ಗಿಯಾದ ಮೇಲೆ ಬೀಜಕ್ಕೆ ಕಡಲೆಕಾಯಿ ಸುಲಿಯುವುದು, ಬೇಸಿಗೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುವುದು. ಒಂದು ಉತ್ತರ ಮುಗಿದ ಕೂಡಲೇ ಕೈ ನಿಲ್ಲಿಸಿ ಬೆರಳು ಮಡಚುತ್ತಾ ಅಷ್ಟನ್ನೂ ತಿರುಗಿ ಹೇಳುತ್ತಿದ್ದಳು. ಐದು ಅಂಶವಿದ್ದರೆ ಐದು ಬೆರಳು. ಒಂದು ಬೆರಳು ಉಳಿದುಹೋದರೆ, “ತಡಿ, ಹೇಳ್ಬ್ಯಾಡ,” ಎಂದು ಕಣ್ಣು ಮುಚ್ಚಿಕೊಂಡು ಹುಡುಕುತ್ತಿದ್ದಳು. ಕಾಣದ ಕಣ್ಣನ್ನೂ ಯೋಚಿಸುವಾಗ ಮುಚ್ಚಿಕೊಳ್ಳುತ್ತಿದ್ದುದು ನನಗೆ ವಿಚಿತ್ರವಾಗಿ ಕಾಣುತ್ತಿತ್ತು.

ವಿಜ್ಞಾನದಲ್ಲಿ ಚಿತ್ರಗಳನ್ನು ಅವಳ ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸುತ್ತಿದ್ದೆ. ಹೃದಯದ ನಾಲ್ಕು ಕೋಣೆಗಳನ್ನು ಹಾಗೇ ಕಲಿತಳು. ಹಿಂದಿಯಲ್ಲಿ ನನಗೇ ಬಾರದ ಪದಗಳನ್ನು ಇಬ್ಬರೂ ತಪ್ಪುತಪ್ಪಾಗಿ ಹೇಳಿ ನಗುತ್ತಿದ್ದೆವು.

“ತುಮಕೂರಲ್ಲಿ ಬೆರಳಲ್ಲೇ ಓದೋದ್ ಕಲುಸ್ತಾರಂತೆ ಕಣೆ,” ಎಂದಳು ಒಂದು ಸಂಜೆ. “ಆಮೇಲೆ ನಿಂಗೆ ಈ ಗೋಳು ಇರಲ್ಲ ಬುಡು. ನಾನೇ ಓದ್ಕಂತೀನಿ. ನಂಗೆ ಬೇಕಾದಷ್ಟ್ ಸಲ ಓದ್ಕಂತೀನಿ.”

ಮೊದಲ ಸಲ ಅದು ಆದದ್ದು ಕಾರ್ತಿಕ ಮಾಸದಲ್ಲಿ, ತಿಳಿಯದೆ. ಸಮಾಜದ ಕಟ್ಟಿನಲ್ಲಿ ಎರಡು ಹಾಳೆ ಅಂಟಿಕೊಂಡಿದ್ದವು. ನಾನು ಒಂದು ಪುಟದ ಕೊನೆಯಿಂದ ಹಾಳೆ ತಿರುವಿ ಮುಂದಿನದನ್ನು ಓದುತ್ತಾ ಹೋದೆ. ಅರ್ಧ ಓದಿದ ಮೇಲೆ ಕ್ರಮಸಂಖ್ಯೆ ನೋಡಿದರೆ ಎರಡು ಪ್ರಶ್ನೆ ಹಾರಿಹೋಗಿದ್ದವು. ವೇಣಕ್ಕನ ಮುಖ ನೋಡಿದೆ. ಅವಳು ಕಡಲೆಕಾಯಿ ಸುಲಿಯುತ್ತಾ ತಲೆಯಾಡಿಸುತ್ತಿದ್ದಳು. ಅವಳಿಗೆ ಹಾಳೆ ತಿರುವುವ ಸದ್ದು ಕೇಳುತ್ತಿತ್ತು. ಎರಡು ಹಾಳೆ ಒಟ್ಟಿಗೆ ತಿರುವಿದರೂ ಸದ್ದು ಒಂದೇ.

ಆಗಲೇ ಹೇಳಬಹುದಿತ್ತು. “ಅಯ್ಯೋ ವೇಣಕ್ಕ, ಒಂದು ಹಾಳೆ ಬಿಟ್ಟುಬಿಟ್ಟೆ,” ಎಂದು ನಕ್ಕು ಹಿಂದಕ್ಕೆ ಹೋಗಬಹುದಿತ್ತು. ಅವತ್ತು ಏಳು ಗಂಟೆಗೆ ನಮ್ಮ ಮನೆಯಲ್ಲಿ ಟೀವಿ ಧಾರಾವಾಹಿ. ಅದರಲ್ಲಿ ಹಿಂದಿನ ದಿನ ಒಬ್ಬಳಿಗೆ ವಿಷ ಹಾಕಿದ್ದರು, ಅವಳು ಕುಡಿಯುತ್ತಾಳೋ ಇಲ್ಲವೋ ನೋಡಬೇಕಿತ್ತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಇರಲಿಲ್ಲ. ನಾನು ಮುಂದೆ ಓದಿ ಮುಗಿಸಿ, ಏಳಕ್ಕೆ ಮೊದಲೇ ಮನೆಗೆ ಓಡಿದೆ.

ಏನೂ ಆಗಲಿಲ್ಲ. ಮಾರನೆಯ ದಿನ ಅವಳು ಹಿಂದಿನ ಪಾಠ ಒಪ್ಪಿಸುವಾಗ ಆ ಎರಡು ಪ್ರಶ್ನೆಗಳು ಲೋಕದಲ್ಲೇ ಇಲ್ಲವೆಂಬಂತೆ ಒಪ್ಪಿಸಿದಳು. ಅವಳಿಗೆ ಗೊತ್ತಾಗುವುದಿಲ್ಲ ಎಂಬುದು ನನಗೆ ಅವತ್ತು ಗೊತ್ತಾಯಿತು.

ಆಮೇಲೆ ಬೇಕೆಂದೇ ಬಿಡತೊಡಗಿದೆ. ಎಲ್ಲ ದಿನವೂ ಅಲ್ಲ. ಗಂಟಲು ನೋಯುತ್ತಿದ್ದ ದಿನ, ಗೆಳತಿಯರು ಬೆಟ್ಟದ ಕೆಳಗೆ ಆಡುತ್ತಿರುವ ಕೂಗು ಕೇಳಿಸಿದ ದಿನ, ಉತ್ತರ ಉದ್ದವಾಗಿ ಕಂಡ ದಿನ. ಎಂಟು ಅಂಶವಿದ್ದರೆ ನಾಲ್ಕು ಓದಿ “ಅಷ್ಟೇ” ಅನ್ನುತ್ತಿದ್ದೆ. ಕೆಲವು ಸಲ ಇಡೀ ಪ್ರಶ್ನೆ. ಕೆಲವು ಸಲ ಪಾಠದ ಕೊನೆಯ ಎರಡು ಹಾಳೆ. ಬೇರೆ ಕಟ್ಟುಗಳಲ್ಲಿ ಹೀಗೆ ಮಾಡಿದ್ದು ಕಡಿಮೆ, ಅವು ತೆಳ್ಳಗಿದ್ದವು. ನಾನು ಕದ್ದದ್ದೆಲ್ಲ ಹೆಚ್ಚಾಗಿ ಸಮಾಜದ್ದರಿಂದಲೇ. ಅವಳಿಗೆ ಅದೇ ತುಂಬ ಇಷ್ಟದ ವಿಷಯವಾಗಿತ್ತು.

ಜನವರಿಯಲ್ಲಿ ಒಮ್ಮೆ ಅವಳು ಕೇಳಿದಳು: “ಏನೇ ವನಜ, ಈ ಪಾಠ ಬಿರ್ರನೆ ಮುಗ್ದೋಯ್ತಲ್ಲ. ಮೇಷ್ಟ್ರು ಇಷ್ಟೇನಾ ಬರ್ದಿರೋದು?”

“ಇಷ್ಟೇ ವೇಣಕ್ಕ. ಮುಖ್ಯವಾದ್ದು ಅಷ್ಟೇ ಬರೆದವ್ರೆ.”

“ಅಂಗಾ. ಅವ್ರು ಬರ್ದವ್ರೆ ಅಂದ್ಮೇಲೆ ಸರಿ ಬುಡು.”

ಪರೀಕ್ಷೆಗೆ ಅವಳ ಪರವಾಗಿ ಬರೆಯಲು ನಾನೇ ಎಂದು ಮೇಷ್ಟ್ರು ಬಿಇಒ ಕಚೇರಿಗೆ ಅಲೆದು ಒಪ್ಪಿಗೆ ತಂದರು. ನನ್ನ ಫೋಟೋ ಅಂಟಿಸಿ ಸೀಲು ಹೊಡೆದಿದ್ದ ಆ ಕಾಗದವನ್ನು ಊರಿನವರಿಗೆಲ್ಲ ತೋರಿಸಿಕೊಂಡು ಓಡಾಡಿದೆ. ಮಧುಗಿರಿಯಲ್ಲಿ ಸೆಂಟರು. ದಿನವೂ ಬೆಳಿಗ್ಗೆ ಮೊದಲ ಬಸ್ಸಿಗೆ ನಾವಿಬ್ಬರು, ಜೊತೆಗೆ ಗಂಗತ್ತೆ. ನಮಗೇ ಒಂದು ಬೇರೆ ಕೋಣೆ, ಒಬ್ಬರು ಮೇಡಂ ಕಾವಲು. ನಾನು ಪ್ರಶ್ನೆ ಓದಬೇಕು, ಅವಳು ಮೆಲ್ಲಗೆ ಹೇಳಬೇಕು, ನಾನು ಬರೆಯಬೇಕು. ಕನ್ನಡ ಚೆನ್ನಾಗಾಯಿತು. ವಿಜ್ಞಾನದಲ್ಲಿ ಹೃದಯದ ಪ್ರಶ್ನೆ ಬಂದಾಗ ಅವಳು ತನ್ನ ಅಂಗೈ ಮೇಲೆ ತಾನೇ ಬೆರಳಾಡಿಸಿಕೊಂಡು ಉತ್ತರ ಹೇಳಿದಳು; ಮೇಡಂ ಅದನ್ನು ನೋಡುತ್ತಾ ನಿಂತರು.

ಸಮಾಜ ವಿಜ್ಞಾನದ ದಿನ ಮೊದಲ ಪುಟ ಸಲೀಸಾಗಿ ಹೋಯಿತು. ಹಾಳೆ ತಿರುವಿ ಮುಂದಿನ ಪ್ರಶ್ನೆ ಓದಿದೆ: ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳಾವುವು?

ವೇಣಕ್ಕನ ಬೆರಳು ಮೇಜಿನ ಮೇಲೆ ಮಡಚಲು ಸಿದ್ಧವಾಗಿತ್ತು. ಮಡಚಲಿಲ್ಲ.

“ಇದು ನಮ್ಮ ನೋಟ್ಸಲ್ಲಿ ಇರ್ಲಿಲ್ವಲ್ಲೇ?”

ಇತ್ತು. ಅಂಟಿಕೊಂಡಿದ್ದ ಆ ಹಾಳೆಯಲ್ಲೇ ಇತ್ತು. ಅವತ್ತು ಹಾಳೆಗಳ ಸಂದಿನಲ್ಲಿ ಇಣುಕಿದಾಗ ಮೇಷ್ಟ್ರ ಕೈಬರಹದಲ್ಲಿ ಕಂಡಿದ್ದ ಆ ತಲೆಬರಹ ನನ್ನ ಕಣ್ಣಿಗೆ ಕಟ್ಟಿತ್ತು. ಅದರ ಕೆಳಗೆ ಏನಿತ್ತು ಎಂಬುದು ಮಾತ್ರ ಗೊತ್ತಿರಲಿಲ್ಲ. ನಾನೂ ಓದಿರಲಿಲ್ಲವಲ್ಲ. ಗೊತ್ತಿದ್ದಿದ್ದರೆ ಅವತ್ತು ಕಳ್ಳತನದಿಂದಲಾದರೂ ಬರೆದುಬಿಡುತ್ತಿದ್ದೆ.

“ಬೇರೆ ಮಾತಾಡಂಗಿಲ್ಲ ಕಣಮ್ಮ,” ಎಂದರು ಮೇಡಂ. “ಉತ್ತರ ಇದ್ರೆ ಹೇಳು, ಇಲ್ಲ ಅಂದ್ರೆ ಮುಂದಿಂದು.”

“ಮುಂದಿಂದ್ ಓದು,” ಎಂದಳು ವೇಣಕ್ಕ.

ಮುಂದಿನದು ಮಣ್ಣಿನ ಸವೆತ. ಕಾರಣಗಳು ಅವಳಿಗೆ ಬರುತ್ತಿದ್ದವು, ತಡೆಯುವ ಕ್ರಮಗಳು ಬರುತ್ತಿರಲಿಲ್ಲ. ನಾನು ಓದಿದ್ದು ಕಾರಣಗಳವರೆಗೆ. ಬ್ಯಾಂಕ್ ಖಾತೆಯ ವಿಧಗಳಲ್ಲಿ ಎರಡು ಹೇಳಿ, “ಅಷ್ಟೇ ಅಲ್ವಾ?” ಎಂದು ನನ್ನ ಕಡೆ ಮುಖ ತಿರುಗಿಸಿದಳು. ಅರ್ಥಶಾಸ್ತ್ರದ ಭಾಗ ಬಂದಾಗ ಒಂದಾದ ಮೇಲೊಂದು ಪ್ರಶ್ನೆಗೆ “ಮುಂದಿಂದು” ಅನ್ನತೊಡಗಿದಳು. ಅವಳ ಮೇಲ್ದುಟಿಯ ಮೇಲೆ ಬೆವರು ಕೂತಿತ್ತು. ಅವಳಿಗೆ ಕೊಟ್ಟಿದ್ದ ಹೆಚ್ಚಿನ ಸಮಯ ಪೂರ್ತಿ ಹಾಗೇ ಉಳಿಯಿತು. ಮೇಡಂ ಪೇಪರ್ ತೆಗೆದುಕೊಂಡಾಗ ಹಿಂದಿನ ಹಾಳೆಗಳೆಲ್ಲ ಖಾಲಿ.

ಬಸ್ ಸ್ಟ್ಯಾಂಡಿನಲ್ಲಿ ಗಂಗತ್ತೆ ಕೇಳಿದ್ದಕ್ಕೆ, “ಇವತ್ತಿನ ಪೇಪರ್ ಕಷ್ಟ ಇತ್ತು ಕಣಮ್ಮ,” ಎಂದಳು. ನನ್ನನ್ನು ಏನೂ ಕೇಳಲಿಲ್ಲ.

ಮೇ ತಿಂಗಳಲ್ಲಿ ರಿಸಲ್ಟು ಬಂತು. ರಾಯಪ್ಪ ಮೇಷ್ಟ್ರೇ ಮಧುಗಿರಿಯಲ್ಲಿ ನೋಡಿಕೊಂಡು ಬಂದು ಜಗಲಿಯ ಮೇಲೆ ಕೂತರು. ಉಳಿದೆಲ್ಲದರಲ್ಲೂ ಪಾಸು, ವಿಜ್ಞಾನದಲ್ಲಿ ಅರುವತ್ತರ ಮೇಲೆ. ಸಮಾಜದಲ್ಲಿ ಮೂರು ಅಂಕಕ್ಕೆ ಫೇಲು.

“ನನ್ನ ಸಬ್ಜೆಕ್ಟಲ್ಲೇ,” ಎಂದರು ಮೇಷ್ಟ್ರು. ಚೀಟಿಯನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು. “ನಂದೇ ತಪ್ಪು ರಂಗಪ್ಪ. ಉದ್ದುದ್ದ ಬರ್ದುಬಿಟ್ಟಿದ್ದೀನಿ, ಕೇಳಿ ಕಲಿಯೋರಿಗೆ ಹಂಗ್ ಬರೀಬಾರದಿತ್ತು. ನನಗೆ ಹೊಳೀಲಿಲ್ಲ.” ಐವತ್ತು ದಾಟಿದ ಆ ಮನುಷ್ಯ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ನಾನು ನಮ್ಮ ಮನೆಯ ಬಾಗಿಲಲ್ಲಿ ನಿಂತು ಅದನ್ನೂ ಕೇಳಿಸಿಕೊಂಡೆ.

“ಜೂನಲ್ಲಿ ಸಪ್ಲಿಮೆಂಟರಿ ಐತೆ. ಹಾಸ್ಟೆಲ್‌ನೋರು ಅಲ್ಲೀವರೆಗೂ ಸೀಟ್ ಇಟ್ಟಿರ್ತೀವಿ ಅಂದವ್ರೆ. ಒಂದೇ ಒಂದು ಪೇಪರು ಕಣಮ್ಮ ವೇಣಿ,” ಎಂದು ಹೇಳಿ ಎದ್ದರು.

ಮಾರನೆಯ ದಿನ ವೇಣಕ್ಕ ತನ್ನ ತಮ್ಮನನ್ನು ಕಳಿಸಿ ನನ್ನನ್ನು ಕರೆಸಿದಳು. ನಡುಮನೆಯ ತುಂಬ ಹುಣಸೆಹಣ್ಣು ಹರಡಿತ್ತು. ಮಂಡಿಯವರು ಕೊಟ್ಟುಹೋದ ಹಣ್ಣು; ಬಡಿದು, ಬೀಜ ನಾರು ತೆಗೆದು ತಿರುಗಿ ಕೊಡಬೇಕು. ಬಿಸಿಲಿಗೆ ಹೆಂಚು ಕಾದು ಮನೆಯೆಲ್ಲ ಹುಳಿಯ ಝಳ. ವೇಣಕ್ಕನ ಬೆರಳುಗಳು ಕಪ್ಪಗಾಗಿ ಅಂಟಂಟಾಗಿದ್ದವು.

“ಸಮಾಜದ್ದು ಮೊದಲ್ನೇ ಹಾಳೆಯಿಂದ ಓದೇ,” ಎಂದಳು. “ನಾನು ಎಲ್ಲೋ ಮರ್ತಿದೀನಿ. ಅದೆಲ್ಲಿ ಅಂತ ಹುಡುಕ್ಬೇಕು.”

ಕಟ್ಟು ಕೈಗೆ ತೆಗೆದುಕೊಂಡೆ. ಹಿಂದಿನ ಹಾಗೇ ಮತ್ತೆ ಓದಿದರೆ ಅವಳು ಮತ್ತೆ ಫೇಲಾಗುತ್ತಾಳೆ. ಬಿಟ್ಟದ್ದನ್ನೂ ಓದಿದರೆ ಅವಳಿಗೆ ಗೊತ್ತಾಗುತ್ತದೆ. ಯಾವ ಉತ್ತರದಲ್ಲಿ ಎಷ್ಟು ಬೆರಳು ಎಂಬುದು ಅವಳಿಗೆ ಬಾಯಿಪಾಠ. ಮೊದಲ ಪಾಠ ಪೂರ್ತಿ ಇತ್ತು, ಓದಿದೆ. ಎರಡನೆಯದು ಓದುತ್ತಿದ್ದಾಗ ಆ ಹಾಳೆ ಬಂತು. ಉಗುರಿನಿಂದ ಬಿಡಿಸಿದೆ.

“ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳು,” ಎಂದು ಓದಿದೆ.

ವೇಣಕ್ಕನ ಕೈ ಹುಣಸೆಹಣ್ಣಿನ ಮೇಲೆ ನಿಂತಿತು.

“ಓದು,” ಎಂದಳು.

ಐದು ಅಂಶ ಇದ್ದವು. ಐದನ್ನೂ ಓದಿದೆ. ಅವಳು ಬೆರಳು ಮಡಚಲಿಲ್ಲ, ತಿರುಗಿ ಹೇಳಲಿಲ್ಲ.

“ಇದು ಹೊಸ್ದಾಗಿ ಬರ್ಸಿರೋದಾ?”

“ಅಲ್ಲ.”

“ಮೊದ್ಲಿಂದ ಇತ್ತಾ?”

“ಇತ್ತು ವೇಣಕ್ಕ.”

ಅಡುಗೆಮನೆಯಲ್ಲಿ ಗಂಗತ್ತೆ ಪಾತ್ರೆ ಸರಿಸುತ್ತಿದ್ದ ಸದ್ದು. ವೇಣಕ್ಕ ಅದು ನಿಲ್ಲುವವರೆಗೆ ಕಾದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಇಂಗೆ ಇನ್ನೆಷ್ಟ್ ಅವೆ?”

ನಾನು ಅಳುವುದಕ್ಕೆ ಶುರುಮಾಡಿದೆ. “ಅಳ್ಬ್ಯಾಡ, ಅಮ್ಮ ಬರ್ತಾಳೆ,” ಎಂದಳು. “ಬುಟ್ಟಿರೋ ಹಾಳೆಗೆಲ್ಲ ಮೂಲೆ ಮಡಚು.”

ಒಂದೊಂದೇ ಹಾಳೆ ತಿರುವಿ ಮೂಲೆ ಮಡಚಿದೆ. ತುಂಬ ಹೊತ್ತು ಹಿಡಿಯಿತು. ನನಗೂ ಅಷ್ಟಿರುತ್ತವೆಂದು ಗೊತ್ತಿರಲಿಲ್ಲ. ಕಟ್ಟನ್ನು ಅವಳ ಕೈಗೆ ಕೊಟ್ಟೆ. ಅವಳು ಸೀರೆಯ ಹಳೆಯ ತುಂಡಿನಲ್ಲಿ ಬೆರಳೊರೆಸಿಕೊಂಡು, ಹಾಳೆಗಳ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾ, ಮಡಚಿದ ಮೂಲೆ ಸಿಕ್ಕಾಗಲೆಲ್ಲ ತುಟಿಯಲ್ಲಿ ಎಣಿಸುತ್ತಾ ಹೋದಳು. ಮೂವತ್ತೊಂದು. ಎರಡನೆಯ ಸಲ ಎಣಿಸಿದಳು. ಮೂವತ್ತೊಂದೇ. ಬೆರಳಲ್ಲಿ ಓದಬೇಕು ಎಂದು ಆಸೆಪಟ್ಟಿದ್ದ ವೇಣಕ್ಕ ತನ್ನ ಜನ್ಮದಲ್ಲಿ ಬೆರಳಿಂದ ಓದಿದ್ದು ಅಷ್ಟೇ ಎಂದು ನನಗೆ ಆಮೇಲೆ ಅರ್ಥವಾಯಿತು.

“ಸುಸ್ತಾಗ್ತೈತೆ ಅಂತ ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲೇ,” ಎಂದಳು. “ನಾನು ನಿಲ್ಸು ಅಂತಿದ್ದೆ. ಮಾರ್ನೇ ದಿನ ಓದಿಸ್ಕಂತಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು. ಅವಳು ಕಟ್ಟನ್ನು ಪಕ್ಕಕ್ಕಿಟ್ಟು ಮತ್ತೆ ಹಣ್ಣು ಬಿಡಿಸತೊಡಗಿದಳು. ನಾನು ಎದ್ದು ಬಂದೆ. ಮಾರನೆಯ ದಿನ ಐದು ಗಂಟೆಗೆ ಹೋದಾಗ ಗಂಗತ್ತೆ ಬಾಗಿಲಲ್ಲೇ, “ಅದ್ಯಾಕೋ ಇವತ್ತು ಓದಲ್ಲ ಅಂತಾಳೆ ಅಮ್ಮಾಯಿ,” ಎಂದರು. ಅದರ ಮಾರನೆಯ ದಿನವೂ ಅದೇ. ಆಮೇಲೆ ನಾನು ಹೋಗಲಿಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಇದು ನನಗೆ ಹೇಗೆ ಗೊತ್ತೆಂದರೆ, ನಮ್ಮ ಅಮ್ಮ ನನ್ನನ್ನು ಏನೂ ಅನ್ನಲಿಲ್ಲ. ಗಂಗತ್ತೆ ದಾರಿಯಲ್ಲಿ ಸಿಕ್ಕಾಗ ಮೊದಲಿನ ಹಾಗೇ ತಲೆ ಸವರುತ್ತಿದ್ದರು. ಅವಳು ಅಪ್ಪನಿಗೆ ಹೇಳಿದ್ದು, “ನಂಗೆ ತಲೆಗೆ ಹತ್ತಲ್ಲ,” ಎಂದಷ್ಟೇ. ರಂಗಪ್ಪ ಮಾವ ಅದಕ್ಕೇ ಕಾದಿದ್ದವರಂತೆ, “ಸಾಕು ಬುಡು, ಪಟ್ಟಿದ್ದು,” ಎಂದರು. ಮೇಷ್ಟ್ರು ಮೊದಲೇ ಅಪ್ಲಿಕೇಶನ್ ಹಾಕಿದ್ದರಿಂದ ಹಾಲ್ ಟಿಕೆಟ್ಟೂ ಬಂದಿತ್ತು. ಅಷ್ಟರಲ್ಲಿ ನಾನು ಹತ್ತನೇ ತರಗತಿಗೆ ಬಂದಿದ್ದರಿಂದ ಅವಳಿಗೆ ಬರೆಯುವ ಹಾಗಿರಲಿಲ್ಲ, ಬೇರೆ ಹುಡುಗಿಯನ್ನು ಹುಡುಕಬೇಕಿತ್ತು. ಹುಡುಕಲು ಮೇಷ್ಟ್ರು ಊರಿನಲ್ಲಿರಲಿಲ್ಲ. ಜೂನಿನಲ್ಲೇ ಅವರಿಗೆ ಪಾವಗಡದ ಕಡೆ ವರ್ಗವಾಗಿತ್ತು. ಹೋಗುವ ಮುಂಚೆ ವೇಣಕ್ಕನ ಹತ್ತಿರ ಬಂದು ಮತ್ತೊಮ್ಮೆ ತಮ್ಮ ನೋಟ್ಸನ್ನೇ ಬೈದುಕೊಂಡರಂತೆ. ಆಗಲೂ ಅವಳು ಬಾಯಿ ಬಿಡಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಮೊದಲ ಬಸ್ಸು ಬಂದು ನಿಂತು ಹೋದದ್ದನ್ನು ನಾನು ಹಾಸಿಗೆಯಲ್ಲಿ ಮಲಗಿಯೇ ಕೇಳಿಸಿಕೊಂಡೆ. ಪಕ್ಕದ ಮನೆಯ ಬಾಗಿಲು ತೆರೆಯಲಿಲ್ಲ. ಹಾಸ್ಟೆಲಿನವರು ಜುಲೈವರೆಗೆ ನೋಡಿ ಸೀಟನ್ನು ಬೇರೆಯವರಿಗೆ ಕೊಟ್ಟರು.

ಆ ವಾರವೇ ಗಂಗತ್ತೆ ಐದೂ ಕಟ್ಟುಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ ನಮ್ಮ ಮನೆಗೆ ತಂದರು. “ಮೇಷ್ಟ್ರು ಮಾತು ಕೊಟ್ಟಿದ್ರಲ್ಲ ಅಮ್ಮಾಯಿ. ಇಲ್ಲಿದ್ದು ಯಾರಿಗೆ ಬೇಕು? ನೀನಾರ ಚೆಂದಾಗಿ ಓದು.”

ನಾನು ಬೇಡವೆನ್ನಲಿಲ್ಲ. ಬೇರೆ ನೋಟ್ಸ್ ಇರಲಿಲ್ಲ, ಹೊಸ ಮೇಷ್ಟ್ರು ಡಿಸೆಂಬರ್‌ವರೆಗೂ ಬರಲಿಲ್ಲ. ಅವುಗಳನ್ನೇ ಓದಿದೆ. ಮಡಚಿದ ಮೂಲೆಗಳನ್ನು ಬಿಚ್ಚಿ ಒತ್ತಿದರೂ ಗೆರೆ ಹೋಗಲಿಲ್ಲ. ಒಂದೊಂದು ಮೂಲೆ ಬಂದಾಗಲೂ ಆ ಪುಟವನ್ನು ಎರಡು ಸಲ, ಮೂರು ಸಲ ಓದುತ್ತಿದ್ದೆ. ಭಯದಿಂದ ಓದುತ್ತಿದ್ದೆನೋ, ತಪ್ಪುಕಾಣಿಕೆಯ ಹಾಗೆ ಓದುತ್ತಿದ್ದೆನೋ ಹೇಳಲಾರೆ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ನಾನು ಮೊದಲು ಬಂದೆ. ಅತಿ ಹೆಚ್ಚು ಅಂಕ ಬಂದದ್ದು ಸಮಾಜ ವಿಜ್ಞಾನದಲ್ಲಿ. ಅದರ ಮೇಲೆಯೇ ಪಿಯುಸಿ, ಬಿಎ, ಬಿಎಡ್ ಆಗಿ ಈ ಕೆಲಸ. ನನ್ನ ಬದುಕು ನಿಂತಿರುವುದು ಆ ಮೂವತ್ತೊಂದು ಹಾಳೆಗಳ ಮೇಲೆ ಎಂದರೆ ಸುಳ್ಳಲ್ಲ.

ಮಿಡಿಗೇಶಿಯಲ್ಲಿ ಬಸ್ಸು ಹೊರಡಲು ವಿಸಿಲ್ ಹಾಕಿದಾಗ ನಾನು ಎದ್ದು, ಮೂಟೆ ದಾಟಿಕೊಂಡು ಇಳಿದುಬಿಟ್ಟೆ. ಯೋಚನೆ ಮಾಡಿದ್ದರೆ ಇಳಿಯುತ್ತಿರಲಿಲ್ಲ.

ಮನೆ ಹಾಗೇ ಇತ್ತು, ಮುಂದೆ ಒಂದು ಸಿಮೆಂಟಿನ ಕೋಣೆ ಹೊಸದು. ಗಂಗತ್ತೆ ತೀರಿಕೊಂಡು ನಾಲ್ಕು ವರ್ಷವಂತೆ. ನಮಗೆ ಸುದ್ದಿಯೇ ಬಂದಿರಲಿಲ್ಲ. ರಂಗಪ್ಪ ಮಾವ ಹೊಲಕ್ಕೆ ಹೋಗಿದ್ದರು. ವೇಣಕ್ಕನ ತಮ್ಮನ ಹೆಂಡತಿ ಬಾಗಿಲು ತೆಗೆದು, ಒಳಗೆ ಕರೆದು, ನೀರು ಕೊಟ್ಟಳು. ವೇಣಕ್ಕ ಅದೇ ಕಂಬದ ಹತ್ತಿರ ಕೂತಿದ್ದಳು. ಮೈ ದಪ್ಪವಾಗಿತ್ತು, ಕಿವಿಯ ಹತ್ತಿರ ಒಂದೆರಡು ಬಿಳಿಕೂದಲು. ಮೊರದಲ್ಲಿ ಹುಣಸೆಹಣ್ಣು, ಪಕ್ಕದಲ್ಲಿ ಫೋನು. ಫೋನಿನೊಳಗೆ ಒಬ್ಬಳು ಯಂತ್ರದ ದನಿಯಲ್ಲಿ ಏನೋ ಸುದ್ದಿ ಓದುತ್ತಿದ್ದಳು.

“ವೇಣಕ್ಕ,” ಎಂದೆ.

ಅವಳು ಫೋನನ್ನು ಬೆರಳಲ್ಲಿ ತಟ್ಟಿ ನಿಲ್ಲಿಸಿದಳು. “ವನಜ,” ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಅಪ್ಪ ಅಮ್ಮನ ಆರೋಗ್ಯ ಕೇಳಿದಳು. ಮದುವೆ ಆಯಿತಾ ಕೇಳಿದಳು. ಏನು ಕೆಲಸ ಎಂದಾಗ ಹೇಳಿದೆ. “ಸಮಾಜದ ಮೇಡಮ್ಮಾ?” ಎಂದು ತುಸು ನಕ್ಕಳು. ನಾನು ಫೋನಿನ ವಿಷಯ ಎತ್ತಿದೆ.

“ಹೂಂ, ತಮ್ಮ ಹಾಕ್ಕೊಟ್ಟವ್ನೆ. ಇದು ಏನೂ ಬುಡಲ್ಲ ಕಣೆ. ಪೇಪರಲ್ಲಿರೋ ಜಾಹೀರಾತೂ ಓದ್ತೈತೆ. ಬ್ಯಾಡ ಅಂದ್ರೂ ಓದ್ತೈತೆ.”

ನನಗೆ ತಡೆಯಲಾಗಲಿಲ್ಲ. ಈಗಲೂ ಆ ಒಂದು ವಿಷಯ ಕಟ್ಟಬಹುದು, ಕಟ್ಟಲಾಗದಿದ್ದರೆ ಎಲ್ಲವನ್ನೂ ಹೊಸದಾಗಿ ಬರೆಯಬಹುದು, ನಾನೇ ನೋಟ್ಸ್ ಪೂರ್ತಿ ಓದಿ ರೆಕಾರ್ಡ್ ಮಾಡಿ ಕಳಿಸುತ್ತೇನೆ, ನಾನೇ ಓಡಾಡಿ ಬರೆಯುವವರನ್ನು ಹುಡುಕುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ.

“ಬರ್ದು?”

ನಾನು ಮೊರದಿಂದ ಒಂದು ಹಣ್ಣು ಎತ್ತಿಕೊಂಡೆ.

“ಯಾವ್ ಹಾಸ್ಟೆಲ್ ಕಾಯ್ತೈತೆ ಹೇಳು. ಮೂವತ್ತಾಯ್ತು ನಂಗೆ.” ಒಂದು ಹಣ್ಣು ಬಿಡಿಸಿ ಬೀಜವನ್ನು ಬೇರೆ ತಟ್ಟೆಗೆ ಹಾಕಿದಳು. “ನಿಂಗೆ ಸಮಾಧಾನ ಆಗ್ಲಿ ಅಂತ ನಾನು ಪರೀಕ್ಷೆ ಬರೀಲಾ?”

“ತಪ್ಪಾಯ್ತು ವೇಣಕ್ಕ,” ಎಂದೆ. ಹದಿಮೂರು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು. ಹೊರಗೆ ಬಂದಾಗ ಅದರಲ್ಲಿ ಏನೂ ಇರಲಿಲ್ಲ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದೆ: “ಆವಾಗ ನಾನಿನ್ನೂ ಚಿಕ್ಕವಳು.”

ವೇಣಕ್ಕನ ಕೈ ನಿಂತಿತು. ಮುಖ ನನ್ನ ಕಡೆ ಸರಿಯಾಗಿ ತಿರುಗಿತು. ಕಣ್ಣಿದ್ದವರು ನೋಡುವ ಹಾಗೆಯೇ.

“ಹೂಂ ಕಣೆ, ಚಿಕ್ಕೋಳು,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾನೂ ಚಿಕ್ಕೋಳೇ ಇದ್ನಲ್ಲೇ.”

ತಮ್ಮನ ಹೆಂಡತಿ ಟೀ ತಂದಿಟ್ಟಳು. ಕುಡಿದೆ. ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ವರ್ಷಗಟ್ಟಲೆ ನಾನು, ನನಗೆ ಆಗ ಹದಿನಾಲ್ಕು, ಹದಿನಾಲ್ಕು ಎಂದು ಹೇಳಿಕೊಂಡೇ ನಿದ್ದೆ ಮಾಡಿದ್ದೆ. ಆವಾಗ ಅವಳಿಗೆ ಎಷ್ಟು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.